ಎರಡು ಎಡ ರೆಕ್ಕೆಗಳು

ನಮ್ಮ ಮನೆಯ ಪಕ್ಕದ ಸೈಟಿನಲ್ಲಿ ಒಂದು ಯುದ್ಧವಿಮಾನ ನಿಂತಿದೆ. ಆಟದ ಸಾಮಾನಲ್ಲ, ಉದ್ದಗಲದಲ್ಲಿ ಅಸಲಿನಷ್ಟೇ ಇರುವಂಥದ್ದು. ಎಂಜಿನ್ ಇಲ್ಲ, ಹಾರುವುದಿಲ್ಲ, ಅಷ್ಟೇ. ಇದರಿಂದಾಗಿ ಕಗ್ಗದಾಸಪುರದ ನಮ್ಮ ಅಡ್ಡರಸ್ತೆಗೆ ದಾರಿ ಹೇಳುವ ತಾಪತ್ರಯ ತಪ್ಪಿದೆ. ಮೊದಲಾದರೆ ಬೇಕರಿ ಹತ್ತಿರ ಎಡಕ್ಕೆ, ಟ್ರಾನ್ಸ್‌ಫಾರ್ಮರ್ ಹತ್ತಿರ ಬಲಕ್ಕೆ ಎಂದು ಫೋನಿನಲ್ಲಿ ಗಂಟಲು ಹರಿದುಕೊಳ್ಳಬೇಕಿತ್ತು. ಈಗ "ವಿಮಾನದ ಪಕ್ಕದ ಮನೆ" ಎಂದರೆ ಗ್ಯಾಸ್ ಸಿಲಿಂಡರಿನವರೂ ಸೀದಾ ಬಂದು ನಿಲ್ಲುತ್ತಾರೆ.

ಇದನ್ನು ಕಟ್ಟಿದ್ದು ನನ್ನ ಗಂಡ ಎಂದು ಬೀದಿಯವರೆಲ್ಲ ಹೇಳುತ್ತಾರೆ. ಮುಕ್ಕಾಲು ಭಾಗ ನಿಜ. ಉಳಿದ ಕಾಲು ಭಾಗದ ಕತೆ ನಾನು ಹೇಳಬೇಕು.

ನಮ್ಮವರು ವಿಮಾನ ಕಾರ್ಖಾನೆಯಲ್ಲಿ ತಗಡಿನ ಕೆಲಸ ಮಾಡುತ್ತಿದ್ದರು. ನಾನು ವಿಮಾ ಕಚೇರಿಯಲ್ಲಿದ್ದೆ. ಮದುವೆಯ ಮಾತುಕತೆಯ ಹೊತ್ತಿಗೆ ಹುಡುಗ ವಿಮಾನ ಮಾಡುತ್ತಾನಂತೆ ಎಂದು ನಮ್ಮಮ್ಮ ಬೀಗಿದ್ದರು. ಮದುವೆಯಾದ ಮೇಲೆ ಗೊತ್ತಾಯಿತು, ಇವರು ಮಾಡುತ್ತಿದ್ದದ್ದು ಎಡ ರೆಕ್ಕೆ. ಬರೀ ಎಡ ರೆಕ್ಕೆ. ಅಪ್ರೆಂಟಿಸ್ ಆಗಿ ಸೇರಿದಾಗ ಎಡ ರೆಕ್ಕೆಯ ಚೌಕಟ್ಟಿನ ಮುಂದೆ ನಿಲ್ಲಿಸಿದರಂತೆ, ನಿವೃತ್ತಿಯ ದಿನ ಹಾರ ಹಾಕಿಸಿಕೊಂಡದ್ದೂ ಅದರ ಮುಂದೆಯೇ. ನಡುವೆ ವಿಮಾನಗಳ ಹೆಸರು ಬದಲಾದವು, ಆಕಾರ ಬದಲಾಯಿತು, ಇವರ ರೆಕ್ಕೆ ಬದಲಾಗಲಿಲ್ಲ. ಬಲ ರೆಕ್ಕೆಯವರು ಶೆಡ್ಡಿನ ಆ ಬದಿಯಲ್ಲಿರುತ್ತಿದ್ದರು. ಅವರೊಂದಿಗೆ ಇವರಿಗೆ ಅಷ್ಟೇನೂ ಮಾತುಕತೆ ಇರಲಿಲ್ಲ. ಅವರು ನಮ್ಮಷ್ಟು ನೀಟಲ್ಲ ಎಂದು ಇವರು ಹೇಳುತ್ತಿದ್ದರು. ಆ ಕಡೆಯವರೂ ಹಾಗೇ ಹೇಳುತ್ತಿದ್ದಿರಬೇಕು.

ಇವರು ಕೆಲಸ ಕಲಿತದ್ದು ಒಂದು ಪುಟ್ಟ ಜೆಟ್ ಫೈಟರಿನ ಮೇಲೆ. ಆ ಕಾಲಕ್ಕೇ ಅದು ಹಳೆಯದಾಗುತ್ತಿತ್ತು. ಎಷ್ಟು ಪುಟ್ಟದೆಂದರೆ ಪೈಲಟ್ ಅದನ್ನು ಹತ್ತುವುದಲ್ಲ, ಪ್ಯಾಂಟು ಹಾಕಿಕೊಂಡ ಹಾಗೆ ಹಾಕಿಕೊಳ್ಳುತ್ತಾನೆ ಎಂದು ಇವರು ನಗುತ್ತಿದ್ದರು. ಮನೆಯಲ್ಲಿ ಅದನ್ನು "ಪುಟ್ಟ" ಎಂದೇ ಕರೆಯುತ್ತಿದ್ದರು. ನಮ್ಮ ಮಗಳು ಚಿಕ್ಕವಳಿದ್ದಾಗ ಪುಟ್ಟ ಯಾರು ಎಂದು ಕೇಳಿ, ಉತ್ತರ ಕೇಳಿ ಮುನಿಸಿಕೊಂಡಿದ್ದೂ ಉಂಟು. ನಿವೃತ್ತಿಯಾದ ಮೊದಲ ವರ್ಷದ ಆಯುಧಪೂಜೆಗೆ ನಾನು ಸ್ಕೂಟರು, ಹೊಲಿಗೆ ಯಂತ್ರ, ಈಳಿಗೆಮಣೆ ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿ ಮಂಗಳಾರತಿಗೆ ಕರೆದರೆ ಇವರು ಬಾಗಿಲಲ್ಲೇ ನಿಂತರು. ಕಾರ್ಖಾನೆಯಲ್ಲಿ ಆ ದಿನ ಒಂದೊಂದು ಯಂತ್ರಕ್ಕೂ ಬಾಳೆಕಂದು ಕಟ್ಟಿ, ಹೆಂಡತಿ ಮಕ್ಕಳನ್ನೆಲ್ಲ ಕರೆದುಕೊಂಡು ಹೋಗಿ ಇದು ನನ್ನದು ಎಂದು ತೋರಿಸುವ ಪದ್ಧತಿ ಇತ್ತು. "ಈಳಿಗೆಮಣೆಗೆ ಕೈ ಮುಗಿಯೋಕೆ ನಾನು ಅಷ್ಟು ವರ್ಷ ಸರ್ವೀಸ್ ಮಾಡಿದ್ನಾ?" ಎಂದರು. ದಿನಾ ಅದರಲ್ಲಿ ಹೆಚ್ಚಿದ ತರಕಾರಿಯನ್ನೇ ತಿನ್ನುತ್ತಿದ್ದೀರಿ ಎಂದು ನಾನು ಜಾಡಿಸಿದೆ. ಆದರೆ ಅವತ್ತಿನಿಂದ ಪುಟ್ಟನನ್ನು ನಾನೇ ಪೂರ್ತಿ ಕಟ್ಟುತ್ತೇನೆ ಎಂಬ ಮಾತು ಮನೆಯಲ್ಲಿ ಆಗಾಗ ಏಳತೊಡಗಿತು. ಮುಂದಿನ ವರ್ಷ ನೋಡೋಣ, ಮಳೆ ಕಳೆಯಲಿ ನೋಡೋಣ ಎಂದು ಮುಂದಕ್ಕೂ ಹೋಗುತ್ತಿತ್ತು.

ಮುಂದೆ ಹಾಕುವುದು ನಿಂತದ್ದು ಒಂದು ಸೂಜಿಯಿಂದ. ನನ್ನ ಕಣ್ಣು ಮಂಜಾದ ಮೇಲೆ ಸೂಜಿಗೆ ದಾರ ಪೋಣಿಸಿಕೊಡುವುದು ಇವರ ಕೆಲಸ. ಒಂದು ಮಧ್ಯಾಹ್ನ ಸೂಜಿ ಕೊಟ್ಟು ಕಾಯುತ್ತೇನೆ, ಕಾಯುತ್ತೇನೆ, ದಾರ ಬರಲೇ ಇಲ್ಲ. ತಲೆ ಎತ್ತಿ ನೋಡಿದರೆ ಬಲಗೈ ಹೆಬ್ಬೆರಳು ತನ್ನ ಪಾಡಿಗೆ ತಾನು ಆಡುತ್ತಿತ್ತು. ಹಲಸೂರಿನಲ್ಲಿ ಒಬ್ಬ ನರರೋಗದ ಡಾಕ್ಟರಿಗೆ ತೋರಿಸಿದೆವು. ನಡೆದಾಡಿಸಿ, ಬರೆಯಿಸಿ, ಬೆರಳು ತಟ್ಟಿಸಿ ನೋಡಿ ಅವರು ಕಾಯಿಲೆಯ ಹೆಸರು ಹೇಳಿದರು. ಆ ಹೆಸರು ಇಲ್ಲಿ ಬರೆಯಲು ನನಗೆ ಇಷ್ಟವಿಲ್ಲ, ಅದಕ್ಕೆ ಅಷ್ಟು ಮರ್ಯಾದೆ ಕೊಡಬೇಕಾಗಿಲ್ಲ. ಮಾತ್ರೆಯಿಂದ ನಿಧಾನ ಮಾಡಬಹುದು, ನಿಲ್ಲಿಸಲು ಆಗುವುದಿಲ್ಲ ಎಂದರು. ಒಂದು ಕೈಯಲ್ಲಿ ಶುರುವಾಗಿದೆ, ಇನ್ನೊಂದಕ್ಕೂ ಬರುತ್ತದೆ ಎಂದರು.

ವಾಪಸು ಬರುವಾಗ ಆಟೋ ಹಲಸೂರು ಕೆರೆಯ ಪಕ್ಕದಲ್ಲಿ ಸಿಗ್ನಲಿಗೆ ನಿಂತಿತು. ಇವರು ನನ್ನ ಕಡೆ ತಿರುಗಿದರು.

"ಪುಟ್ಟನ್ನ ಈಗ್ಲೇ ಶುರು ಮಾಡ್ಬೇಕು," ಎಂದರು. "ಕೈ ನನ್ನ ಮಾತು ಕೇಳೋವಾಗ್ಲೇ. ಮಗಳಿಗೆ ಹೇಳ್ಬೇಡ."

"ಯಾಕೆ ಹೇಳ್ಬಾರ್ದು?"

"ಹೇಳಿದ್ರೆ ಕಟರು, ಡ್ರಿಲ್ಲು ಎಲ್ಲ ಗಂಟು ಕಟ್ಕೊಂಡು ಹೋಗ್ತಾಳೆ. ಸ್ಕೂಟರ್ ಕೀ ತಗೊಂಡು ಹೋಗ್ಲಿಲ್ವಾ? ವಿಮಾನ ಮುಗೀಲಿ. ಆಮೇಲೆ ನಾನೇ ಹೇಳ್ತೀನಿ."

ಇದು ನಿಜವೇ. ನಮ್ಮ ಮಗಳು ಕಾಕ್ಸ್ ಟೌನಿನಲ್ಲಿರುತ್ತಾಳೆ, ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ, ಸಿಟ್ಟಿನಲ್ಲಿ ನನ್ನನ್ನೇ ಹೋಲುತ್ತಾಳೆ. ಹಿಂದಿನ ವರ್ಷ ಇವರು ಸ್ಕೂಟರಿನಲ್ಲಿ ಸ್ವಲ್ಪ ಜಾರಿದ್ದಕ್ಕೆ ಕೀಲಿಕೈ ಎತ್ತಿಕೊಂಡು ಹೋದವಳು ಇನ್ನೂ ಕೊಟ್ಟಿಲ್ಲ. ನಾನು ಆಯಿತು ಎಂದೆ. ಆ ಹೊತ್ತಿನಲ್ಲಿ ಚಂದ್ರನನ್ನು ತಂದುಕೊಡು ಎಂದರೂ ಆಯಿತು ಎನ್ನುತ್ತಿದ್ದೆ.

ಪಕ್ಕದ ಖಾಲಿ ಸೈಟು ನನ್ನ ಅಣ್ಣನದು. ನಾವು ಕೇಳಿದ ತಕ್ಷಣ ಅವನು ಒಪ್ಪಿದ. "ಕಟ್ಕೊಳ್ಳಿ ಭಾವ, ಆದ್ರೆ ಹಾರಿಸ್ಬೇಡಿ," ಎಂದ. ಮೇಲೆ ಶೀಟಿನ ಚಪ್ಪರ ಹಾಕಿಸಿದೆವು. ನಕ್ಷೆ ನಮ್ಮ ಹತ್ತಿರ ಎಲ್ಲಿಂದ ಬರಬೇಕು? ಊರಿನಲ್ಲಿ ಪ್ರದರ್ಶನಕ್ಕೆ ನಿಲ್ಲಿಸಿದ ಒಂದು ಹಳೆಯ ಪುಟ್ಟನಿದ್ದ. ಟೇಪು ಹಿಡಿದು ಅಲ್ಲಿಗೆ ಹೋದೆವು. ಟೇಪಿನ ಒಂದು ತುದಿ ನನಗೆ, ಇನ್ನೊಂದು ಇವರಿಗೆ. ನಾನು ರೇಷ್ಮೆ ಸೀರೆ ಉಟ್ಟು ವಿಮಾನದ ಹೊಟ್ಟೆಯ ಕೆಳಗೆ ಕುಕ್ಕರಗಾಲಿನಲ್ಲಿ ಕೂತಿದ್ದೆ, ಏಕೆಂದರೆ ಅವತ್ತೇ ಸಂಜೆ ನಮಗೆ ಒಂದು ಆರತಕ್ಷತೆಗೆ ಹೋಗಬೇಕಿತ್ತು. ಕಾವಲಿನವನು ಸೀಟಿ ಊದುತ್ತ ಬಂದ. ಇವರು ತಮ್ಮ ಹಳೆಯ ಕಾರ್ಖಾನೆಯ ಕತೆ ಹೇಳಿದ್ದೇ ತಡ, ಅವನೇ ಟೇಪು ಹಿಡಿಯಲು ನಿಂತ. ವಿಮಾನದ ಬಲಬದಿ ಗೋಡೆಗೆ ಅಂಟಿಕೊಂಡಂತಿತ್ತು, ಆ ಕಡೆ ನುಸುಳಲು ಜಾಗವಿರಲಿಲ್ಲ. "ಪರವಾಗಿಲ್ಲ, ಎಡ ರೆಕ್ಕೆ ಅಳತೆ ಸಿಕ್ತಲ್ಲ, ಬಲದ್ದು ಅದರ ಕನ್ನಡಿ," ಎಂದರು ಇವರು. ನಾನೂ ತಲೆಯಾಡಿಸಿದೆ.

ತಗಡಿಗೆ ಶಿವಾಜಿನಗರದ ಗುಜರಿಗೆ ಹೋದೆವು. ಹಳೆಯ ಬಸ್ಸುಗಳ ಮೈಯಿಂದ ಬಿಚ್ಚಿದ ಅಲ್ಯೂಮಿನಿಯಂ ಹಾಳೆಗಳು ಅಲ್ಲಿ ಗೋಡೆಗೆ ಒರಗಿಕೊಂಡಿರುತ್ತವೆ. ಇವರು ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, ಬೇಡ ಬೇಡ ಎಂದು ಪಕ್ಕಕ್ಕೆ ಇಡುತ್ತಿದ್ದರು. ಅಂಗಡಿಯ ಸಾಹೇಬರಿಗೆ ರೇಗಿತು.

"ಏನ್ ಸಾರ್, ತರ್ಬೂಜಾ ತಗೊಳ್ಳೋಕ್ ಬಂದಿದ್ದೀರಾ? ಏನ್ ಮಾಡ್ತೀರಾ ಇದ್ರಲ್ಲಿ?"

"ವಿಮಾನ," ಎಂದೆ ನಾನು.

ಸಾಹೇಬರು ನನ್ನನ್ನೂ ಇವರನ್ನೂ ನೋಡಿದರು. "ಅರೆ, ಮೊದ್ಲೇ ಹೇಳ್ಬಾರ್ದಾ ಮೇಡಂ? ಒಳಗಡೆ ಅಚ್ಛಾ ಮಾಲ್ ಐತೆ. ಮೇಲಿಂದ ಬೀಳೋ ಗಾಡೀಗೆ ಇದೆಲ್ಲ ಕೊಡಲ್ಲ ನಾನು," ಎಂದು ಒಳಗಿನಿಂದ ಮಡಿಕೆ ಬೀಳದ ಹಾಳೆಗಳನ್ನು ತರಿಸಿದರು. ಟೀ ಕೂಡ ತರಿಸಿದರು.

ಒಳಗಿನ ಅಸ್ಥಿಪಂಜರವನ್ನು ದಪ್ಪ ಪ್ಲೈವುಡ್ಡಿನಲ್ಲಿ ಕೊಯ್ದು ನಿಲ್ಲಿಸಿದರು. ಚಕ್ರಕ್ಕೆ ಆಟೋರಿಕ್ಷಾದ ಟೈರು ಸರಿಹೋಯಿತು. ಪೈಲಟ್ಟಿನ ತಲೆಯ ಮೇಲಿನ ಗಾಜಿನ ಗುಮ್ಮಟಕ್ಕೆ ಕಮ್ಮನಹಳ್ಳಿಯಲ್ಲಿ ಅಂಗಡಿ ಬೋರ್ಡು ಮಾಡುವವರಿಂದ ಅಕ್ರಿಲಿಕ್ ಹಾಳೆ ತಂದು, ಬಿಸಿ ಮಾಡಿ ಅಚ್ಚಿನ ಮೇಲೆ ಬಗ್ಗಿಸಿದರು. ಮೊದಲನೆಯದು ಬಗ್ಗುವ ಬದಲು ಗುಳ್ಳೆಗುಳ್ಳೆಯಾಗಿ ಹಪ್ಪಳದಂತೆ ಉಬ್ಬಿತು. ನಾನು ನಕ್ಕದ್ದಕ್ಕೆ ಮಧ್ಯಾಹ್ನದ ಊಟ ಮಾಡದೆ ಕೂತರು. ಎರಡನೆಯದು ಕಣ್ಣಿಗೆ ಹಬ್ಬವಾಗಿ ಬಂತು, ಆಗ ಎರಡು ಸಲ ಬಡಿಸಿಕೊಂಡು ಉಂಡರು. ಹೀಗೆ ನಮ್ಮ ಮನೆಯ ಊಟದ ಹೊತ್ತನ್ನೆಲ್ಲ ಆ ವಿಮಾನವೇ ತೀರ್ಮಾನ ಮಾಡುತ್ತಿತ್ತು.

ಇನ್ನು ರಿವೆಟ್ಟಿನ ವಿಚಾರ. ತಗಡನ್ನು ಪಂಜರಕ್ಕೆ ಕೂಡಿಸುವ ಸಣ್ಣ ಮೊಳೆ ಅದು. ಹೊರಗಿನಿಂದ ಒಬ್ಬರು ಗಾಳಿಯ ಗನ್ನಿನಿಂದ ಹೊಡೆಯಬೇಕು, ಒಳಗಿನಿಂದ ಇನ್ನೊಬ್ಬರು ಮೊಳೆಯ ಬಾಲಕ್ಕೆ ಕಬ್ಬಿಣದ ತುಂಡು ಒತ್ತಿ ಹಿಡಿಯಬೇಕು. ಆ ತುಂಡಿಗೆ ಡಾಲಿ ಎನ್ನುತ್ತಾರೆ. ಡಾಲಿ ಹಿಡಿಯಲು ರೆಕ್ಕೆಯೊಳಕ್ಕೆ ಹೋಗುವಂಥ ಸಣ್ಣ ತೋಳು ಬೇಕು. ಕಾರ್ಖಾನೆಯಲ್ಲಿ ಇವರಿಗೆ ಒಬ್ಬ ಜೊತೆಗಾರನಿದ್ದ, ಅವನು ತೀರಿಕೊಂಡು ವರ್ಷಗಳಾಗಿದ್ದವು. ಇವರು ನನ್ನ ತೋಳನ್ನೇ ದಿಟ್ಟಿಸತೊಡಗಿದರು.

"ನಾನು ಪಾಲಿಸಿ ಬರೀತಿದ್ದೋಳು ರೀ," ಎಂದೆ.

"ಬರೀ ಒತ್ತಿ ಹಿಡ್ಕೋ. ಬೇರೇನೂ ಮಾಡ್ಬೇಡ. ಮಾತಾಡ್ಬೇಡ."

ಮಾತಾಡಿದರೂ ಆ ಗದ್ದಲದಲ್ಲಿ ಕೇಳಿಸುವುದಿಲ್ಲ. ಅದಕ್ಕೆ ಕಾರ್ಖಾನೆಯ ಅವರ ಶೆಡ್ಡಿನಲ್ಲಿ ಒಂದು ಸನ್ನೆ ಇತ್ತಂತೆ. ಒಳಗಿರುವವರು ಡಾಲಿಯಿಂದ ತಗಡನ್ನು ಒಂದು ಸಲ ತಟ್ಟಿದರೆ ಮೊಳೆ ಸರಿಯಾಗಿ ಕೂತಿದೆ. ಎರಡು ತಟ್ಟಿದರೆ ಇನ್ನೊಮ್ಮೆ ಹೊಡಿ. ಮೂರು ತಟ್ಟಿದರೆ ಕೆಟ್ಟಿತು, ಕಿತ್ತು ಹಾಕು. ಮೊದಮೊದಲು ನನಗೆ ಎಲ್ಲವೂ ಕೆಟ್ಟಂತೆಯೇ ತೋರಿ ಮೂರು ಮೂರು ತಟ್ಟುತ್ತಿದ್ದೆ. ಆ ಕಡೆಯಿಂದ ಬೈಗುಳ ತಗಡು ತೂರಿ ಬರುತ್ತಿತ್ತು. ಆದರೆ ಬರಬರುತ್ತ ಬೆರಳಿಗೆ ಬುದ್ಧಿ ಬಂತು. ಮೊಳೆಯ ಬಾಲ ಚಪ್ಪಟೆಯಾಗಿ ಕೂರುವುದು ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗುತ್ತದೆ. ಮನೆಯಲ್ಲೂ ಅದೇ ಅಭ್ಯಾಸವಾಯಿತು. ಸಾರಿಗೆ ಉಪ್ಪು ಕಡಿಮೆಯಾದರೆ ಇವರು ಚಮಚದಿಂದ ಮೇಜನ್ನು ಎರಡು ಸಲ ತಟ್ಟುತ್ತಿದ್ದರು. ಒಂದು ದಿನ ಮೂರು ತಟ್ಟಿದರು. ಅವತ್ತು ಸಾರನ್ನು ಅವರೇ ಮಾಡಿಕೊಂಡರು.

ಭಾನುವಾರ ಮಗಳು ಬರುವ ದಿನ ಮಾತ್ರ ನಮ್ಮಿಬ್ಬರಿಗೂ ಪರೀಕ್ಷೆ. ಇವರಿಗೆ ಅರ್ಧ ಲೋಟ ಕಾಫಿ ಕೊಡುತ್ತಿದ್ದೆ, ಪೂರ್ತಿ ಕೊಟ್ಟರೆ ತುಳುಕುತ್ತಿತ್ತು. "ಅಪ್ಪಂಗೆ ಯಾಕಮ್ಮ ಇಷ್ಟೇ ಕಾಫಿ?" ಎಂದು ಅವಳು ಕೇಳಿದರೆ "ನಿಮ್ಮಪ್ಪನ ಶುಗರ್ ನೋಡ್ಕೊಳ್ಳೋದು ಬೇಡ್ವಾ?" ಎಂದು ಅವಳ ಬಾಯಿ ಮುಚ್ಚಿಸುತ್ತಿದ್ದೆ. ಅವಳು ಸೈಟಿಗೆ ಬಂದರೆ ಇವರು ಬಲಗೈಗೆ ಚರ್ಮದ ಗ್ಲೌಸು ಹಾಕಿಕೊಂಡು ರೆಕ್ಕೆಯ ಅಂಚನ್ನು ಬಿಗಿಯಾಗಿ ಹಿಡಿದು ನಿಲ್ಲುತ್ತಿದ್ದರು. ಏನಾದರೂ ಹಿಡಿದಿದ್ದರೆ ಕೈ ಸುಮ್ಮನಿರುತ್ತಿತ್ತು. "ಅಪ್ಪ ಎಷ್ಟು ಜೋರಾಗಿದ್ದಾನೆ ನೋಡು, ನಿನಗಿಂತ ಗಟ್ಟಿ," ಎಂದು ಅವಳು ನನ್ನನ್ನು ಕಿಚಾಯಿಸುವಳು. ನಾನು ಸೆರಗಿನಲ್ಲಿ ಮುಖ ಒರೆಸಿಕೊಳ್ಳುವ ನೆವ ಮಾಡುತ್ತಿದ್ದೆ. ಅವಳಿಗೆ ಸುಳ್ಳು ಹೇಳಲು ನನಗೆ ಸಂಕಟವಾಗುತ್ತಿತ್ತು, ಇವರ ಮೇಲೆ ಸಿಟ್ಟೂ ಬರುತ್ತಿತ್ತು.

ಎಡ ರೆಕ್ಕೆ ಮುಗಿದ ದಿನ ಇವರು ಅದರ ಸುತ್ತ ಓಡಾಡಿದ್ದನ್ನು ನೋಡಬೇಕಿತ್ತು. ಮೊಳೆಗಳ ಸಾಲು ದಾರ ಹಿಡಿದು ಎಳೆದಷ್ಟು ನೇರ. ಆದರೆ ಎರಡನೆಯ ರೆಕ್ಕೆ ಶುರುವಾಗುವ ಹೊತ್ತಿಗೆ ಮಾತ್ರೆ ಹೆಚ್ಚಿತ್ತು, ಕೆಲಸ ಮಾಡುವ ಹೊತ್ತು ಕಡಿಮೆಯಾಗಿತ್ತು. ಬೆಳಿಗ್ಗೆ ಮಾತ್ರೆ ಹಿಡಿದ ಮೇಲೆ ಸ್ವಲ್ಪ ಹೊತ್ತು ಕೈ ನೆಟ್ಟಗಿರುತ್ತಿತ್ತು, ಅಷ್ಟರೊಳಗೆ ಆದಷ್ಟು ಆಗಬೇಕು. ಅದಕ್ಕಾಗಿ ಇವರು ತಿಂಡಿಯನ್ನೂ ಬಿಟ್ಟು ಓಡುವರು, ನಾನು ಇಡ್ಲಿ ತಟ್ಟೆ ಹಿಡಿದು ಹಿಂದೆ ಓಡುವೆ. ಆ ವರ್ಷದ ಆಯುಧಪೂಜೆಗೆ ಮುಗಿಸಲೇಬೇಕೆಂದು ಹಟ. ಹಳೆಯ ಜೊತೆಗಾರರನ್ನೆಲ್ಲ ಆಗಲೇ ಕರೆದಾಗಿತ್ತು. ಕರೆದವರಲ್ಲಿ ಒಬ್ಬರು ಹಲಸೂರಿನಲ್ಲಿದ್ದ ಇವರ ಹಳೆಯ ಇನ್ಸ್‌ಪೆಕ್ಟರು. ಕಾರ್ಖಾನೆಯಲ್ಲಿ ಅವರು ಮೊಳೆಗಳ ಸಾಲಿನ ಮೇಲೆ ಅಂಗೈ ಸವರಿಕೊಂಡು ಬಂದು, ಕೆಟ್ಟ ಮೊಳೆಯ ಸುತ್ತ ಸೀಮೆಸುಣ್ಣದಲ್ಲಿ ಒಂದು ಸೊನ್ನೆ ಬರೆಯುತ್ತಿದ್ದರಂತೆ. ಆ ಸೊನ್ನೆಗೆ ಶೆಡ್ಡಿನಲ್ಲಿ ಹೆದರದವರೇ ಇರಲಿಲ್ಲವಂತೆ.

ಎರಡನೆಯ ರೆಕ್ಕೆಯೂ ಮುಗಿಯಿತು. ಕೊನೆಯ ಸಾಲನ್ನು ಇವರು ಹಲ್ಲು ಕಚ್ಚಿಕೊಂಡು ಹೊಡೆದರು, ಕೆಲವನ್ನು ಕಿತ್ತು ಮತ್ತೆ ಹೊಡೆದರು. ಅದನ್ನು ವಿಮಾನದ ಮೈಗೆ ಕೂಡಿಸುವ ದಿನ ಬೀದಿಯ ನಾಲ್ಕಾರು ಮಂದಿಯನ್ನು ಕರೆದು ಎತ್ತಿಸಿದೆವು. ಎತ್ತಿ ಬಲಬದಿಗೆ ತಂದರೆ ರೆಕ್ಕೆಯ ಮುಂದಿನ ದುಂಡು ಅಂಚು ಬಾಲದ ಕಡೆಗೆ ತಿರುಗಿತ್ತು.

"ತಿರುಗಿಸಿ, ತಿರುಗಿಸಿ," ಎಂದರು ಇವರು.

ಮಗುಚಿ ಹಾಕಿದರು. ಈಗ ದುಂಡು ಅಂಚು ಮುಂದೆ ಬಂತು, ಆದರೆ ರೆಕ್ಕೆಯ ಹೊಟ್ಟೆ ಆಕಾಶ ನೋಡುತ್ತಿತ್ತು. ಕೆಳಗಿರಬೇಕಾದ ಕೀಲುಗಳೆಲ್ಲ ಮೇಲೆ ಬಂದಿದ್ದವು. ಎಲ್ಲರೂ ರೆಕ್ಕೆ ಹೊತ್ತುಕೊಂಡೇ ಇವರ ಮುಖ ನೋಡಿದರು. ಇವರು ವಿಮಾನದ ಮೈಗೆ ಆಗಲೇ ಕೂಡಿಸಿದ್ದ ಎಡ ರೆಕ್ಕೆ ನೋಡಿದರು, ಇದನ್ನು ನೋಡಿದರು.

"ಇದೂ ಎಡದ್ದೇ," ಎಂದರು.

ನನಗೆ ಮೊದಲು ಅರ್ಥವಾಗಲಿಲ್ಲ, ಅರ್ಥವಾದ ಮೇಲೆ ನಗು ತಡೆಯಲಾಗಲಿಲ್ಲ. ಎರಡೂ ಎಡಗಾಲಿನ ಚಪ್ಪಲಿ ತಂದ ಹಾಗಾಗಿತ್ತು. ಜೀವಮಾನವೆಲ್ಲ ಎಡ ರೆಕ್ಕೆ ಮಾಡಿದ ಕೈ, ಎಡಕ್ಕೆಂದು ಮಾಡಿದ್ದ ಅಚ್ಚನ್ನು ಬಲಕ್ಕೆ ಮಗುಚಿ ಇಡಬೇಕೆಂಬುದನ್ನೇ ಮರೆತು, ತನಗೆ ಗೊತ್ತಿರುವುದನ್ನು ಇನ್ನೊಂದು ಸಲ ಅಚ್ಚುಕಟ್ಟಾಗಿ ಮಾಡಿಟ್ಟಿತ್ತು. ಒಳಗೆ ಡಾಲಿ ಹಿಡಿದು ಕೂತಿದ್ದ ನನಗೂ ಹೊಳೆದಿರಲಿಲ್ಲ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವಳು ಇವರ ಕಡೆ ನೋಡಿದೆ. ಇವರು ಇಟ್ಟಿಗೆಯ ರಾಶಿಯ ಮೇಲೆ ಕೂತು ಬಲಗೈಯನ್ನು ನೋಡಿಕೊಳ್ಳುತ್ತಿದ್ದರು. ಆ ಕೈಯಲ್ಲಿ ಉಳಿದಿದ್ದ ಒಳ್ಳೆಯ ಬೆಳಗುಗಳನ್ನೆಲ್ಲ ಬೇಡದ ರೆಕ್ಕೆಗೆ ಸುರಿದಾಗಿತ್ತು. ಅದು ನನಗೆ ಆಗ ತಿಳಿಯಿತು, ನಗು ಅಲ್ಲಿಗೇ ನಿಂತಿತು.

ಬಂದವರು ಹೋದ ಮೇಲೆ ನಾನು ಸಮಾಧಾನ ಹೇಳಿದೆ. "ಮಗುಚಿ ಹಾಕಿ ಬಣ್ಣ ಹೊಡ್ಸಿದ್ರೆ ಯಾರಿಗೆ ಗೊತ್ತಾಗತ್ತೆ? ಹಾರೋದಂತೂ ಇಲ್ಲ."

"ನಂಗ್ ಗೊತ್ತಾಗತ್ತೆ."

"ಮುಂದಿನ ವರ್ಷ ಮಾಡೋಣ ಬಿಡಿ ಹಂಗಾದ್ರೆ."

ಇವರು ಎದ್ದು ಮನೆಯೊಳಗೆ ಹೋದರು. ಮುಂದಿನ ವರ್ಷ ಕೈ ಹೇಗಿರುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಎರಡು ದಿನ ಸೈಟಿನ ಕಡೆ ತಲೆ ಹಾಕಲಿಲ್ಲ. ಟಿ.ವಿ. ಮುಂದೆ ಕೂತಿದ್ದರು, ಆದರೆ ಅದರಲ್ಲಿ ಏನು ಬರುತ್ತಿದೆ ಎಂದು ಕೇಳಿದರೆ ಹೇಳುವ ಸ್ಥಿತಿಯಲ್ಲಿರಲಿಲ್ಲ. ನನಗೆ ಪಿತ್ತ ನೆತ್ತಿಗೇರಿತು. ಮನುಷ್ಯ ಬೈದರೆ ಬೈಯಬಹುದು, ಮಂಕು ಹಿಡಿದು ಕೂತರೆ ಏನು ಮಾಡುವುದು? ಮೂರನೆಯ ದಿನ ಸೀರೆಯ ಮೇಲೆ ಅವರ ಹಳೆಯ ಖಾಕಿ ಕೋಟು ಹಾಕಿಕೊಂಡು ಹೋಗಿ ಕಂಪ್ರೆಸರಿನ ಸ್ವಿಚ್ಚು ಒತ್ತಿದೆ. ಕಮ್ಮನಹಳ್ಳಿಯ ಪಂಕ್ಚರ್ ಅಂಗಡಿಯಿಂದ ತಂದ ಆ ಕಂಪ್ರೆಸರು ಶುರುವಾದರೆ ಬೀದಿಯ ನಾಯಿಗಳೆಲ್ಲ ಎದ್ದು ಕೂರುತ್ತವೆ. ಇವರು ಓಡಿ ಬಂದರು.

"ಏನ್ ಮಾಡ್ತಿದ್ದೀಯ? ಕೈ ಕತ್ತರಿಸ್ಕೊತೀಯ!"

"ಬಲ ರೆಕ್ಕೆ ಮಾಡ್ತೀನಿ. ನಂಗೆ ಎಡ ರೆಕ್ಕೆ ಅಭ್ಯಾಸ ಇಲ್ಲ, ತಪ್ಪಾಗಲ್ಲ."

ಇವರು ದುರುಗುಟ್ಟಿಕೊಂಡು ನೋಡಿದರು. ಆಮೇಲೆ ಗನ್ನನ್ನು ನನ್ನ ಕೈಯಿಂದ ತೆಗೆದುಕೊಂಡು, ಹಿಡಿ ಹೇಗಿರಬೇಕೆಂದು ತೋರಿಸಿ, ವಾಪಸು ಕೊಟ್ಟರು. ಕಬ್ಬಿಣದ ಡಾಲಿಯನ್ನು ತಾವು ಎತ್ತಿಕೊಂಡರು. ಅದರ ಭಾರಕ್ಕೋ ಏನೋ, ಅದನ್ನು ಒತ್ತಿ ಹಿಡಿದಾಗ ಅವರ ಕೈ ನಡುಗುತ್ತಿರಲಿಲ್ಲ. ಅವರ ತೋಳು ಹೋಗಲೆಂದು ಪಂಜರದ ಒಂದೆರಡು ಕಿಂಡಿಗಳನ್ನು ದೊಡ್ಡದಾಗಿ ಕೊಯ್ದುಕೊಂಡೆವು. ಅಚ್ಚನ್ನು ಈ ಸಲ ಮಗುಚಿ ಇಟ್ಟು, ಅದರ ಮೇಲೆ ಇದ್ದಿಲಿನಲ್ಲಿ "ಬಲ" ಎಂದು ದೊಡ್ಡದಾಗಿ ಬರೆದೆ. ಇವರಿಗೆ ಅವಮಾನವಾಯಿತು, ಅಳಿಸು ಎಂದರು. ಅಳಿಸಲಿಲ್ಲ.

ಹೀಗೆ ನಾನು ಹೊರಗೆ, ಅವರು ಒಳಗೆ. ಮೊದಲ ವಾರ ನನಗೆ ಬರೀ ಮೂರು ತಟ್ಟುಗಳು. ಗನ್ನು ಜಾರಿ ತಗಡಿನ ಮೇಲೆ ಅರ್ಧಚಂದ್ರದ ಗುರುತುಗಳು ಬಿದ್ದವು. ಭುಜದ ನೋವಿಗೆ ರಾತ್ರಿ ಅಮೃತಾಂಜನ, ಬೆಳಿಗ್ಗೆ ಮತ್ತೆ ಗನ್ನು. ಬೈದರು, ನಾನೂ ಬೈದೆ. ಒಂದು ದಿನ ಸಾಲಿನಲ್ಲಿ ಒಂದರ ಹಿಂದೆ ಒಂದು, ಪ್ರತಿ ಮೊಳೆಗೂ ಒಳಗಿನಿಂದ ಒಂದೇ ತಟ್ಟು ಬಂತು. ಸಾಲು ಮುಗಿದ ಮೇಲೆ ಇವರು ತಲೆ ಹೊರಗೆ ಹಾಕಿ, "ಏ, ಕಾಫಿ ಕುಡಿಯೋಣ ಬಾ," ಎಂದರು. ನಮ್ಮವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ. ಎಷ್ಟು ಖುಷಿಯಾಯಿತೆಂದರೆ ಕಾಫಿಗೆ ಸಕ್ಕರೆ ಹಾಕುವುದನ್ನೇ ಮರೆತೆ.

ಆದರೂ ಇವರಿಗೆ ಒಳಗೊಳಗೆ ಕೊರಗಿತ್ತು. ತಾನೊಬ್ಬನೇ ಕಟ್ಟಿದೆ ಎಂದು ಹೇಳಿಕೊಳ್ಳುವ ಹಾಗಿಲ್ಲವಲ್ಲ ಎಂದಲ್ಲ, ಬಲ ರೆಕ್ಕೆಯನ್ನು ಹೆಂಡತಿ ಯಾಕೆ ಮಾಡಿದಳು ಎಂದು ಯಾರಾದರೂ ಕೇಳಿದರೆ ಏನು ಹೇಳುವುದು ಎಂಬ ಚಿಂತೆ. ಬಣ್ಣದವನು ಬಂದು ಬಲ ರೆಕ್ಕೆಯ ಮೇಲೆ ಕೈಯಾಡಿಸಿ, "ಸಾರ್, ಇದು ಸ್ವಲ್ಪ ಏರುಪೇರು ಐತೆ, ಪಟ್ಟಿ ಮೆತ್ತಿ ಮುಚ್ಬಿಡ್ಲಾ?" ಎಂದ. ಮುಚ್ಚಿಸಿಬಿಡುತ್ತಾರೆ ಎಂದುಕೊಂಡೆ. ಮುಚ್ಚಿಸಿದ್ದರೆ ಎಲ್ಲವೂ ಸಲೀಸು. "ಬೇಡ, ಬಣ್ಣ ಮಾತ್ರ ಹೊಡಿ," ಎಂದರು ಇವರು.

ಆಯುಧಪೂಜೆಯ ದಿನ ಬೆಳಿಗ್ಗೆ ಪುಟ್ಟನ ಮೂಗಿಗೆ ಬಾಳೆಕಂದು ಕಟ್ಟಿದೆವು. ಚೆಂಡುಹೂವಿನ ಹಾರ ರೆಕ್ಕೆಯಿಂದ ರೆಕ್ಕೆಗೆ. ಬೆಳ್ಳಿ ಬಣ್ಣದ ಮೈ ಬಿಸಿಲಿಗೆ ಫಳಫಳ ಎನ್ನುತ್ತಿತ್ತು. ಬೀದಿಯವರೆಲ್ಲ ತಮ್ಮ ತಮ್ಮ ಬೈಕು ತಂದು ಪಕ್ಕದಲ್ಲಿ ನಿಲ್ಲಿಸಿದರು, ಒಂದೇ ಪೂಜೆಯಲ್ಲಿ ಆಗಿಹೋಗಲಿ ಎಂದು. ಹಳೆಯ ಜೊತೆಗಾರರು ಇಸ್ತ್ರಿ ಮಾಡಿದ ಅಂಗಿಗಳಲ್ಲಿ ಬಂದರು. ಮಗಳು ಕಡಲೆಪುರಿ ಹಂಚಲು ದೊಡ್ಡ ಬುಟ್ಟಿ ಹಿಡಿದು ನಿಂತಿದ್ದಳು. ಬೂದುಗುಂಬಳ ಒಡೆದಾಯಿತು, ಮಂಗಳಾರತಿಯಾಯಿತು. ಆಗ ಇನ್ಸ್‌ಪೆಕ್ಟರು ಊರುಗೋಲನ್ನು ಬೈಕೊಂದಕ್ಕೆ ಒರಗಿಸಿ ಎಡ ರೆಕ್ಕೆಯ ಹತ್ತಿರ ಹೋದರು. ಹಳಬರೆಲ್ಲ ಹಿಂದೆ ಸರಿದು ದಾರಿ ಬಿಟ್ಟರು.

ಅಂಗೈ ಊರಿ, ಕಣ್ಣು ಅರೆಮುಚ್ಚಿ, ಬುಡದಿಂದ ತುದಿಯವರೆಗೆ ಸವರಿಕೊಂಡು ಹೋದರು. ಏನೂ ಹೇಳಲಿಲ್ಲ. ಏನೂ ಹೇಳದಿದ್ದರೆ ಪಾಸು ಎಂದರ್ಥವಂತೆ. ಸುತ್ತು ಬಳಸಿ ಬಲ ರೆಕ್ಕೆಗೆ ಬಂದರು. ಒಂದು ಮೊಳ ಹೋದವರು ನಿಂತರು. ಜೇಬು ತಡಕಿದರು, ಸೀಮೆಸುಣ್ಣ ಈಗೆಲ್ಲಿ ಬರಬೇಕು? ಪಕ್ಕದಲ್ಲಿದ್ದ ಪೂಜೆಯ ತಟ್ಟೆಗೆ ಬೆರಳು ಅದ್ದಿ ಒಂದು ಮೊಳೆಯ ಸುತ್ತ ಕುಂಕುಮದ ಸೊನ್ನೆ ಬರೆದರು. ಇನ್ನೊಂದು. ಮತ್ತೊಂದು. ನನ್ನ ರೆಕ್ಕೆ ನೋಡುನೋಡುತ್ತಿದ್ದಂತೆ ಕೆಂಪಾಗುತ್ತ ಹೋಯಿತು. ನನಗೆ ಮೈಯೆಲ್ಲ ಉರಿಯಿತು.

"ಇದು ನಿನ್ನ ಕೈ ಅಲ್ಲ," ಎಂದರು ಇನ್ಸ್‌ಪೆಕ್ಟರು ಇವರನ್ನು ನೋಡಿ. "ಕಾರ್ಖಾನೇಲಾಗಿದ್ರೆ ರಿಜೆಕ್ಟ್ ಮಾಡ್ತಿದ್ದೆ. ಯಾರು ಮಾಡಿದ್ದು?"

"ನಾನು ಸಾರ್," ಎಂದೆ. "ಕಾರ್ಖಾನೇಲಾಗಿದ್ರೆ ನನ್ನನ್ನ ಒಳಗೇ ಬಿಡ್ತಿರ್ಲಿಲ್ಲ."

ಹಳಬರು ನಕ್ಕರು. ಇನ್ಸ್‌ಪೆಕ್ಟರು ನಗಲಿಲ್ಲ. "ಇವ್ನಿರುವಾಗ ನೀವ್ಯಾಕಮ್ಮ ಮಾಡಿದ್ರಿ?"

ಸುಳ್ಳು ನನ್ನ ನಾಲಿಗೆಯ ತುದಿಯಲ್ಲೇ ಸಿದ್ಧವಾಗಿತ್ತು. ಕಲಿಯೋಣ ಅನ್ನಿಸಿತು ಸಾರ್ ಎನ್ನಬೇಕು, ಅಷ್ಟೇ. ಬಾಯಿ ತೆರೆದೆ. ಇವರು ನನಗಿಂತ ಮೊದಲು ಮಾತಾಡಿದರು.

"ನನ್ನ ಕೈ ನಡುಗತ್ತೆ ಸಾರ್. ವರ್ಷದ ಮೇಲಾಯ್ತು. ವಾಸಿಯಾಗೋದಲ್ಲ ಅಂತಾರೆ. ಉಳಿದದ್ದನ್ನ ಇವಳು ಮಾಡಿದ್ಲು." ಬಲಗೈಯ ಗ್ಲೌಸು ತೆಗೆದು ಕೈಯನ್ನು ಎಲ್ಲರ ಮುಂದೆ ನೀಡಿದರು. ಹಿಡಿಯಲು ಏನೂ ಇಲ್ಲದ ಆ ಕೈ ಅಷ್ಟು ಜನರೆದುರು ಬಿಡದೆ ನಡುಗಿತು.

ಇನ್ಸ್‌ಪೆಕ್ಟರು ಕುಂಕುಮದ ಬೆರಳನ್ನು ಪಂಚೆಗೆ ಒರೆಸಿಕೊಂಡು ಹಿಂದೆ ಸರಿದರು. ಮಗಳು ಪುರಿಯ ಬುಟ್ಟಿಯನ್ನು ನೆಲಕ್ಕಿಟ್ಟು ಬಂದಳು. ನನ್ನ ಕಡೆ ಒಂದು ಸಲ ನೋಡಿದಳು, ಆ ನೋಟದಲ್ಲಿದ್ದ ಬೈಗುಳ ನನಗೆ ಆಮೇಲೆ ಒಂದು ತಿಂಗಳು ಕಂತಿನಲ್ಲಿ ಸಿಕ್ಕಿತು. ಅಪ್ಪನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು, ನಡುಕ ನಿಲ್ಲಿಸುವವಳಂತೆ ಒತ್ತಿದಳು.

"ಬಿಡು ಮಗಳೇ," ಎಂದರು ಇವರು. ಮುಖದಲ್ಲಿ ಇಷ್ಟು ದಿನ ಇಲ್ಲದ ಹಗುರವಿತ್ತು. "ನಡುಗ್ಲಿ ಬಿಡು. ಇನ್ನು ಅದಕ್ಕೆ ಕೆಲ್ಸ ಇಲ್ಲ."

"ಕೆಲ್ಸ ಇಲ್ದೆ ಏನು? ಮನೇಲಿ ಮಿಕ್ಸಿ ಕೆಟ್ಟು ಕೂತಿದೆ, ಅದನ್ನ ಯಾರು ನೋಡ್ತಾರೆ?" ಎಂದು ಗದರಿದೆ. ಗಟ್ಟಿಯಾಗಿಯೇ ಗದರಬೇಕೆಂದಿದ್ದೆ, ಆದರೆ ನನ್ನ ದನಿ ಅವರ ಕೈಗಿಂತ ಹೆಚ್ಚು ನಡುಗುತ್ತಿತ್ತು.